ಶುರು ಮಾತ್ರ ಇದ್ದ ಸಿನಿಮಾ

ನನ್ನ ಮೈದುನನಷ್ಟು ಪುಕ್ಕಲ ಮನುಷ್ಯ ತುಮಕೂರಿನಲ್ಲಿ ಆಗ ಇನ್ನೊಬ್ಬ ಇರಲಿಲ್ಲ. ಗುಬ್ಬಿ, ಕುಣಿಗಲ್ಲು ಸೇರಿಸಿಕೊಂಡು ಹುಡುಕಿದರೂ ಸಿಗುತ್ತಿರಲಿಲ್ಲ. ಅಂಥವನು ಒಂದು ದಿನ ಊಟಕ್ಕೆ ಕೂತಾಗ, ಅನ್ನಕ್ಕೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅತ್ತಿಗೆ, ನಾನು ಜನರನ್ನ ಹೆದರಿಸಬೇಕು" ಅಂದ. ನನ್ನ ಕೈಯಲ್ಲಿದ್ದ ಮಿಳ್ಳೆ ಹಾಗೇ ನಿಂತಿತು. ತುಪ್ಪ ಎಲೆಯ ಮೇಲೆ ಬೇಕಾದ್ದಕ್ಕಿಂತ ಜಾಸ್ತಿಯೇ ಬಿತ್ತು.

ಹಲ್ಲಿ ಕಂಡರೆ ಹೆದರುವವರು ಎಲ್ಲ ಮನೆಯಲ್ಲೂ ಇರುತ್ತಾರೆ. ಇವನು ಹಲ್ಲಿ ಇದ್ದಿರಬಹುದಾದ ಗೋಡೆಗೂ ಹೆದರುತ್ತಿದ್ದ. ಒಲೆಯ ಮೇಲೆ ಕುಕ್ಕರ್ ಇದ್ದರೆ ಕೊನೆಯ ಸೀಟಿ ಕೂಗುವ ತನಕ ಹಿತ್ತಲಲ್ಲಿ ನಿಂತಿರುತ್ತಿದ್ದ. ಗುಂಡಿ ಒತ್ತಿದರೆ ತಾನಾಗಿ ಬಿಚ್ಚಿಕೊಳ್ಳುವ ಛತ್ರಿ ಆಗ ಹೊಸದು. ನನ್ನ ತವರಿನವರು ಅಂಥದೊಂದನ್ನು ಕೊಟ್ಟಿದ್ದರು. ಅದನ್ನು ಅವನು ಕೈಯಲ್ಲಿ ಮುಟ್ಟದೆ, ದೂರದಿಂದ ಪೊರಕೆಯ ತುದಿಯಲ್ಲಿ ತಳ್ಳಿ ಮೂಲೆ ಸೇರಿಸುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ಅಟ್ಟದ್ದು. ನಮ್ಮ ಮಾವನವರದು ಗುಬ್ಬಿ ಹತ್ತಿರ ತೆಂಗಿನ ತೋಟ, ತುಮಕೂರಿನ ಪೇಟೆಯಲ್ಲಿ ಕೊಬ್ಬರಿ ವ್ಯಾಪಾರ. ಮನೆಯ ಅಟ್ಟದ ತುಂಬ ತೆಂಗಿನಕಾಯಿ. ತಿಂಗಳುಗಟ್ಟಲೆ ಅಲ್ಲೇ ಒಣಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ, ಒಂದು ಇಲಿ ಓಡಿದರೂ ಸಾಕು, ಅಷ್ಟೂ ಕಾಯಿ ಗುಡುಗುಡು ಎನ್ನುತ್ತವೆ. ಅಡುಗೆಮನೆಗೆ ಹೋಗಬೇಕಾದರೆ ಆ ಅಟ್ಟದ ಕೆಳಗಿನ ಕತ್ತಲೆ ಕೋಣೆ ದಾಟಿಯೇ ಹೋಗಬೇಕು. ಮಟಮಟ ಮಧ್ಯಾಹ್ನದಲ್ಲೂ ನಮ್ಮ ಹುಡುಗ ಬಾಗಿಲಲ್ಲಿ ನಿಂತು "ಅತ್ತಿಗೇ, ಅಲ್ಲೇ ಇದ್ದೀರಾ?" ಎಂದು ಕೂಗುತ್ತಿದ್ದ. "ಇದೀನಿ ಬಾರೋ" ಎಂದು ನಾನು ಅಂದ ಮೇಲೇ ಕಾಲು ಒಳಗಿಡುತ್ತಿದ್ದದ್ದು. ಹುಡುಗ ಎಂದೆನಲ್ಲ, ಆಗ ಅವನಿಗೆ ದಪ್ಪ ಮೀಸೆ ಬಂದಿತ್ತು. ಪ್ಯಾಂಟಿನ ಬಾಯಿ ಆ ಕಾಲದ ಫ್ಯಾಷನ್ನಿಗೆ ತಕ್ಕಂತೆ ನನ್ನ ಲಂಗದಷ್ಟು ಅಗಲವಿತ್ತು.

ಅವನಿಗೂ ಮಾವನವರಿಗೂ ಮಾತು ನಿಂತು ಆಗ ಬಹಳ ದಿನವಾಗಿತ್ತು. ಬಿ.ಎಸ್ಸಿ.ಯನ್ನು ನಡುವೆ ಬಿಟ್ಟ ಮಗನಿಗೆ ಮಾವ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಯಾರಿಗೋ ಹೇಳಿ ಕೆಲಸ ಮಾಡಿಸಿಟ್ಟಿದ್ದರು. ಸೇರಬೇಕಾದ ದಿನ ಹೊಸ ಶರಟು ಹಾಕಿಕೊಂಡು, ಅಪ್ಪ ಅಮ್ಮನ ಕಾಲಿಗೆ ನಮಸ್ಕಾರ ಮಾಡಿ ಹೊರಟವನು, ನೆಟ್ಟಗೆ ಬೆಂಗಳೂರಿನ ಬಸ್ಸು ಹತ್ತಿ ಸಿನಿಮಾ ಕ್ಯಾಮೆರಾ ಕಲಿಸುವ ಕಾಲೇಜಿಗೆ ಸೇರಿಕೊಂಡು ಬಂದ. ಸಂಜೆ ಮಾವ ನಡುಮನೆಯಲ್ಲಿ ಕೂತು ನನ್ನನ್ನು ಕರೆದರು.

"ಇವತ್ತಿಂದ ನಾನು ಅವನ ಹತ್ರ ಮಾತಾಡಲ್ಲ ಅಂತ ಅವನಿಗೆ ಹೇಳಮ್ಮ."

ಅವನು ಎದುರಿಗೇ ಕಂಬ ಒರಗಿ ನಿಂತಿದ್ದ. ನಾನು ಏನು ಮಾಡಲಿ, ಅವನ ಕಡೆ ತಿರುಗಿ, "ಮಾವ ನಿನ್ನ ಹತ್ರ ಮಾತಾಡಲ್ವಂತೆ" ಅಂದೆ.

"ಕೇಳಿಸ್ತು ಅತ್ತಿಗೆ."

"ಕೇಳಿಸ್ತಂತೆ ಮಾವ."

"ಸರಿ ಅನ್ನಮ್ಮ."

ಹೀಗೆ ನನಗೆ ಆ ಮನೆಯಲ್ಲಿ ಒಂದು ಕಾಯಂ ಕೆಲಸ ಸಿಕ್ಕಿತು. ನ್ಯಾಯವಾಗಿ ಅದು ಅತ್ತೆಯವರಿಗೆ ಸೇರಬೇಕಾದ ಕೆಲಸ. ಅವರು ಖಡಾಖಂಡಿತವಾಗಿ ಒಪ್ಪಲಿಲ್ಲ. "ಹೆತ್ತಿದ್ದೀನಿ, ಹೊತ್ತಿದ್ದೀನಿ, ಇನ್ನು ಈ ಅಪ್ಪ ಮಗನಿಗೆ ಟಪಾಲು ಹಂಚೋಕೆ ನನ್ನ ಕೈಲಾಗಲ್ಲ" ಅಂದುಬಿಟ್ಟರು. ಅತ್ತೆ ಇದ್ದದ್ದನ್ನು ಇದ್ದ ಹಾಗೇ ಹೇಳುವವರು. ಹೊಸ ಸೀರೆ ಉಟ್ಟುಕೊಂಡು ಬಂದವರಿಗೆ "ಬಣ್ಣ ಬಿಡುತ್ತೆ" ಎಂದು ಮೊದಲೇ ಹೇಳಿ ಕಳಿಸುವ ಪೈಕಿ. ಅವರ ಕೈಗೆ ಟಪಾಲು ಸಿಕ್ಕಿದ್ದರೆ ಮನೆ ಎರಡು ಭಾಗವಾಗುತ್ತಿತ್ತು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ನಮಗೆ ಮೊದಲು ಕಲಿಸಿದ್ದು ಮೆತ್ತಗೆ ಮಾತಾಡುವುದನ್ನು, ಆಮೇಲೆ ಉಳಿದ ವಿದ್ಯೆಯನ್ನು. ಆದ್ದರಿಂದ ಟಪಾಲು ನನ್ನ ಕೈಯಿಂದ ಆಚೆ ಹೋಗುವಾಗ ಸ್ವಲ್ಪ ಬದಲಾಗುತ್ತಿತ್ತು. ಮಾವ ಒಳಗಿನಿಂದ "ಆ ಕತ್ತೆ ಬಡವ ಬೆಂಗ್ಳೂರಿಗೆ ಹೊರಟವ್ನಾ?" ಎಂದರೆ, ನಾನು ಜಗಲಿಗೆ ಹೋಗಿ "ಮಾವ ಹುಷಾರಾಗಿ ಹೋಗಿ ಬಾ ಅಂದ್ರು" ಎನ್ನುತ್ತಿದ್ದೆ. ಇವನು "ನಾನೇನು ಮಂಡೀಲಿ ಕೂತು ಕೊಬ್ಬರಿ ಎಣಿಸ್ಲಾ?" ಎಂದು ರೇಗಿದರೆ, ಒಳಗೆ ಹೋಗಿ "ಭಾನುವಾರ ಬರ್ತಾನಂತೆ ಮಾವ" ಎನ್ನುತ್ತಿದ್ದೆ. ಇಬ್ಬರಿಗೂ ಗೊತ್ತಿತ್ತು. ಮೈದುನನಂತೂ, "ಅತ್ತಿಗೆ, ನಿಮ್ಮ ಕೈಗೆ ಬಂದ ಬೈಗುಳಕ್ಕೆಲ್ಲ ಸಕ್ಕರೆ ಹಾಕಿ ಕೊಡ್ತೀರಿ" ಎಂದು ನಗುತ್ತಿದ್ದ. ನಗುವಾಗ ಅವನ ಕಣ್ಣು ಮಾತ್ರ ಒಳಗಿನ ಬಾಗಿಲ ಕಡೆಗೇ ಇರುತ್ತಿತ್ತು. ಅಪ್ಪ ಕರೆದಾರೇನೋ ಎಂದು.

ಇರಲಿ, ಜನರನ್ನು ಹೆದರಿಸುವ ವಿಷಯಕ್ಕೆ ಬರೋಣ. ಕಾಲೇಜಿನಲ್ಲಿ ಅವನಿಗೆ ಪರೀಕ್ಷೆಗೆಂದು ಒಂದು ಕೆಲಸ ಕೊಟ್ಟಿದ್ದರು. ಒಂದು ಥ್ರಿಲ್ಲರ್ ಸಿನಿಮಾದ ಶುರು ಮಾತ್ರ ತೆಗೆದು ತರಬೇಕು. ಕೊಲೆ ಯಾರು ಮಾಡಿದರು, ಪೊಲೀಸರು ಹೇಗೆ ಹಿಡಿದರು, ಅದೆಲ್ಲ ಬೇಡ. ನೋಡಿದವರಿಗೆ ಮುಂದೇನು ಎಂದು ಎದೆ ಡವಗುಟ್ಟಿದರೆ ಸಾಕು. ಇದನ್ನು ನಾನು ಮಾವನವರಿಗೆ ತಲುಪಿಸಿದಾಗ ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಶುರು ಮಾತ್ರ ತಾನೆ? ಹಂಗಾದ್ರೆ ಪಾಸಾಗ್ತಾನೆ ಬುಡು. ಅವನು ಯಾವುದನ್ನ ಮುಗಿಸಿದಾನೆ?"

ಇದಕ್ಕೆ ಎಷ್ಟು ಸಕ್ಕರೆ ಹಾಕಿದರೂ ಕರಗುವಂತಿರಲಿಲ್ಲ. "ಪಾಸಾಗ್ತಾನೆ ಅಂದ್ರು ಕಣೋ" ಎಂದಷ್ಟೇ ಹೇಳಿದೆ.

ಮೊದಲು ಅವನು ಯೋಚಿಸಿದ್ದು ಕುದುರೆಯನ್ನು. ಮಂಜಿನಲ್ಲಿ ಒಂಟಿ ಕುದುರೆ ಬರುತ್ತದೆ, ಮೇಲೆ ಸವಾರನಿಲ್ಲ. ಕೇಳುವುದಕ್ಕೆ ಚೆನ್ನಾಗಿತ್ತು. ಗೆಳೆಯನೊಬ್ಬನ ಮಾವ ಕುಣಿಗಲ್ಲಿನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಬೆಳಿಗ್ಗೆ ಉತ್ಸಾಹದಿಂದ ಹೋದವನು ಮಧ್ಯಾಹ್ನದ ಊಟಕ್ಕೆ ವಾಪಸು ಬಂದ.

"ಏನಾಯ್ತೋ?"

"ಸೀನಿತು ಅತ್ತಿಗೆ."

"ಯಾರು?"

"ಕುದುರೆ."

ಅಲ್ಲಿಗೆ ಕುದುರೆಯ ಕಥೆ ಮುಗಿಯಿತು. ಆಮೇಲೆ ಅವನಿಗೆ ನಮ್ಮ ಅಟ್ಟವೇ ನೆನಪಾಯಿತು. ಖಾಲಿ ಮನೆ, ಮೇಲೆ ಗುಡುಗುಡು ಸದ್ದು, ಯಾರೂ ಇಲ್ಲ. ತನ್ನ ಜೀವಮಾನದ ಹೆದರಿಕೆಯನ್ನೆಲ್ಲ ಸುರಿದು ಎರಡು ವಾರ ಕೂತು ಅದನ್ನು ಬರೆದ. ಕಾಲೇಜಿಗೆ ತೆಗೆದುಕೊಂಡು ಹೋಗಿ ತೋರಿಸಿದ. ಮೇಷ್ಟ್ರು ಓದಿ, ಬಹಳ ಚೆನ್ನಾಗಿದೆ, ಆದರೆ ನಿಮಗೆ ಕೊಡುವ ಕ್ಯಾಮೆರಾದಲ್ಲಿ ಸದ್ದು ಬರುವುದಿಲ್ಲ, ಬರೀ ಚಿತ್ರ ಎಂದರಂತೆ.

ಅವತ್ತು ಅವನು ಹಿತ್ತಲ ಒಗೆಯುವ ಕಲ್ಲಿನ ಮೇಲೆ ಮುಖ ಇಳಿಬಿಟ್ಟುಕೊಂಡು ಕೂತಿದ್ದ. "ನಂಗೆ ಇದೂ ಆಗಲ್ಲ ಅತ್ತಿಗೆ. ಅಪ್ಪ ಹೇಳೋದೇ ಸರಿ. ಇದರಲ್ಲಿ ಫೇಲಾದ್ರೆ ಯಾವ ಮುಖ ಹೊತ್ಕೊಂಡು ಅವರ ಮುಂದೆ ನಿಲ್ಲಲಿ?" ಅಂದ. ಅವನಿಗೆ ಪರೀಕ್ಷೆಗಿಂತ ಆ ಮುಂದೆ ನಿಲ್ಲುವುದೇ ದೊಡ್ಡದಾಗಿತ್ತು.

"ನಿಮಗೆ ಯಾವತ್ತಾದ್ರೂ ಸದ್ದೇ ಇಲ್ಲದೆ ಹೆದರಿಕೆ ಆಗಿದ್ಯಾ?" ಎಂದು ಕೇಳಿದ.

ಆಗಿತ್ತು. ನಾನು ಹೇಳಿದೆ. ಸ್ಕೂಲಿಗೆ ಹೋಗುವ ದಾರಿಯಲ್ಲಿ ನನ್ನ ಗೆಳತಿಯ ಮನೆ. ದಿನಾ ಬೆಳಿಗ್ಗೆ ಅವಳಮ್ಮ ಬಾಗಿಲಿಗೆ ನೀರು ಹಾಕಿ, ಹೊಸಿಲ ಮುಂದೆ ದೊಡ್ಡದಾಗಿ ರಂಗೋಲಿ ಬಿಟ್ಟಿರುತ್ತಿದ್ದರು. ಒಂದು ಬೆಳಿಗ್ಗೆ ಬೀದಿಯ ಎಲ್ಲ ಮನೆ ಮುಂದೆಯೂ ರಂಗೋಲಿ ಇದೆ, ಅವರ ಬಾಗಿಲಲ್ಲಿ ಇಲ್ಲ. ಅಳು ಕೇಳಿಸಲಿಲ್ಲ, ಜನ ಸೇರಿರಲಿಲ್ಲ. ಯಾರೂ ನನಗೆ ಏನೂ ಹೇಳುವ ಮುಂಚೆಯೇ ನನ್ನ ಕಾಲು ನಿಂತುಬಿಟ್ಟಿತ್ತು.

ಅವನು ನನ್ನನ್ನೇ ನೋಡುತ್ತಿದ್ದ. ತೋಳಿನ ಕೂದಲು ನಿಂತದ್ದು ನನಗೆ ಕಾಣುತ್ತಿತ್ತು. "ಅತ್ತಿಗೆ, ಬಂತು," ಅಂದ.

ಹಾಗೆ ಸಿನಿಮಾ ಹುಟ್ಟಿತು. ಬೆಳಗಿನ ಬೀದಿ. ಛತ್ರಿ ಹಿಡಿದ ಒಬ್ಬ ಹೆಂಗಸು ನಡೆದು ಬರುತ್ತಾಳೆ. ಒಂದು ಮನೆಯ ರಂಗೋಲಿ, ಇನ್ನೊಂದು ಮನೆಯ ರಂಗೋಲಿ, ಮತ್ತೊಂದು. ಆಮೇಲೆ ಬರಿದಾದ ನೆಲ. ಹೆಂಗಸು ನಿಲ್ಲುತ್ತಾಳೆ. ಬಾಗಿಲು ಮೆಲ್ಲಗೆ ತೆರೆದುಕೊಳ್ಳುತ್ತದೆ. ಅಷ್ಟೆ. ಆ ಹೆಂಗಸಾಗಿ ನಟಿಸಬೇಕಿದ್ದ ಬೆಂಗಳೂರಿನ ಹುಡುಗಿಯನ್ನು ಅವಳ ಮನೆಯವರು ಕಳಿಸಲಿಲ್ಲ. ಆ ಪಾತ್ರ ನನ್ನ ಛತ್ರಿಯ ಸಮೇತ ನನಗೆ ಬಂತು. "ನಿಮ್ಮ ಮುಖ ಎಲ್ಲೂ ಕಾಣಲ್ಲ ಅತ್ತಿಗೆ, ಬರೀ ಬೆನ್ನು" ಎಂದು ಮೈದುನ ಧೈರ್ಯ ಹೇಳಿದ. ನನ್ನ ಯಜಮಾನರು "ಹಾಗಾದ್ರೆ ಸಿನಿಮಾ ಓಡುತ್ತೆ" ಅಂದರು. ಅವರಿಗೂ ಒಂದು ಪಾತ್ರವಿತ್ತು. ಬಾಗಿಲ ಹಿಂದೆ ನಿಂತು, ನಾನು ಕೆಮ್ಮಿದ ಕೂಡಲೇ ಬಾಗಿಲನ್ನು ಮೆಲ್ಲಗೆ ಎಳೆಯುವುದು.

ಕಷ್ಟವಾದದ್ದು ಅತ್ತೆಯವರನ್ನು ಒಪ್ಪಿಸುವುದು. "ಮನೆ ಮುಂದೆ ರಂಗೋಲಿ ಹಾಕದೆ ಇರೋದಾ? ಏನ್ ಮಾತಾಡ್ತಿದೀಯ? ಅದು ಯಾವಾಗ ಹಾಕಲ್ಲ ಅಂತ ಗೊತ್ತಿಲ್ವಾ ನಿನಗೆ?"

"ಗೊತ್ತಿರೋದಕ್ಕೇ ಅಮ್ಮ, ಅದೇ ಥ್ರಿಲ್ಲು."

"ನಿನ್ನ ಥ್ರಿಲ್ಲಿಗೆ ನನ್ನ ಮನೆ ಬಾಗಿಲೇ ಆಗಬೇಕಾ?"

ಎರಡು ದಿನ ಮಾತುಕತೆ ನಡೆದು ಕೊನೆಗೆ ಒಂದು ಒಪ್ಪಂದವಾಯಿತು. ಶೂಟಿಂಗ್ ಮುಗಿಯುವ ತನಕ ಮುಂಬಾಗಿಲು ಬರಿದಾಗಿರಬಹುದು. ಅದೇ ಹೊತ್ತಿಗೆ ಹಿತ್ತಲ ಬಾಗಿಲಿಗೆ ಅತ್ತೆ ಎರಡರಷ್ಟು ದೊಡ್ಡ ರಂಗೋಲಿ ಹಾಕುತ್ತಾರೆ. "ಬರೋ ಲಕ್ಷ್ಮಿ ಅವತ್ತೊಂದು ದಿನ ಹಿತ್ತಲಿಂದಲೇ ಬರಲಿ."

ಇಷ್ಟೆಲ್ಲ ಯೋಚಿಸಿದ ನಾವು ಬೀದಿಯವರಿಗೆ ಮಾತ್ರ ಒಂದು ಮಾತು ಹೇಳಲಿಲ್ಲ. ಮೈದುನ ಕಟ್ಟುನಿಟ್ಟಾಗಿ ಬೇಡವೆಂದಿದ್ದ. ಹೇಳಿದರೆ ಎಲ್ಲರೂ ತಲೆ ಬಾಚಿಕೊಂಡು ಕ್ಯಾಮೆರಾ ಮುಂದೆ ಬಂದು ನಿಲ್ಲುತ್ತಾರೆ ಎಂದು. ಅದು ಸರಿಯೇ. ಆದರೆ ಎರಡು ದಿನದಿಂದ ಮಾವನವರು ನೆಗಡಿ ಜ್ವರದಲ್ಲಿ ಮಲಗಿದ್ದಾರೆ, ಹಿಂದಿನ ಸಂಜೆ ಡಾಕ್ಟರು ಬ್ಯಾಗು ಹಿಡಿದು ಮನೆಗೆ ಬಂದು ಹೋದದ್ದನ್ನು ಎದುರುಮನೆಯಾಕೆ ಕಿಟಕಿಯಿಂದ ನೋಡಿದ್ದಾರೆ ಎನ್ನುವುದು ನಮಗೆ ಹೊಳೆಯಲೇ ಇಲ್ಲ.

ಆ ಬೆಳಿಗ್ಗೆ ಮೈದುನ ಎಲ್ಲರಿಗಿಂತ ಮೊದಲು ಎದ್ದು ಹೋಗಿಬಿಟ್ಟಿದ್ದ. ಅಡುಗೆಮನೆಯ ಹಲಗೆಯ ಮೇಲೆ ಅವನ ಕಾಫಿ ಲೋಟ ರಾತ್ರಿ ತೊಳೆದಿಟ್ಟಂತೆ ಬೋರಲಾಗಿಯೇ ಇತ್ತು. ಬೀದಿಯ ಆ ಕಡೆ ಗೆಳೆಯನ ಮನೆಯ ಅಂಬಾಸಿಡರ್ ಕಾರು ನಿಲ್ಲಿಸಿ, ಅದರ ಕಿಟಕಿಯಿಂದ ಕ್ಯಾಮೆರಾ ಹೊರಗೆ ಚಾಚಿದ್ದರು. ದೂರದ್ದನ್ನು ಹತ್ತಿರ ತೋರಿಸುವ ಉದ್ದನೆಯ ಲೆನ್ಸು. ಗಡಿಯಾರಕ್ಕೆ ಕೊಟ್ಟ ಹಾಗೆ ಕೀ ಕೊಟ್ಟರೆ ಅರೆ ನಿಮಿಷವೂ ಓಡದ ಕ್ಯಾಮೆರಾ. ಓಡುವಷ್ಟು ಹೊತ್ತು ಕಾಫಿಬೀಜ ಪುಡಿ ಮಾಡುವ ಮಿಷನ್ನಿನ ಹಾಗೆ ಗರಗರ ಎನ್ನುತ್ತಿತ್ತು.

ನಾನು ನಡೆದೆ. ಹತ್ತು ಹೆಜ್ಜೆ ನಡೆಯುವುದು, ಕಾಯುವುದು, ಅವನು ಕೀ ಕೊಡುವುದು, ಮತ್ತೆ ನಡೆಯುವುದು. ಸಿನಿಮಾ ತೆಗೆಯುವುದು ಎಂದರೆ ಕಾಯುವುದು ಎಂದು ಅವತ್ತು ತಿಳಿಯಿತು. ಕೊನೆಗೆ ನಮ್ಮ ಬಾಗಿಲು ಬಂತು. ನಿಂತೆ. ಇನ್ನು ಕೆಮ್ಮುವುದೊಂದೇ ಬಾಕಿ. ರೀಲೂ ಅಷ್ಟೇ ಉಳಿದಿತ್ತು.

ಅಷ್ಟರಲ್ಲಿ ಹಿಂದೆ ಯಾರೋ ಮೂಗೇರಿಸಿದರು. ಎದುರುಮನೆಯಾಕೆ. ಬರಿದಾದ ಹೊಸಿಲನ್ನು ನೋಡಿ, ಸೆರಗು ಬಾಯಿಗಿಟ್ಟುಕೊಂಡು ಬಂದು, ನನ್ನ ಹೆಗಲು ಹಿಡಿದು, "ಎಷ್ಟು ಹೊತ್ತಿಗಾಯ್ತಮ್ಮ?" ಅಂದರು. ಅವರ ಹಿಂದೆ ಪಕ್ಕದ ಮನೆಯವರು, ಅವರ ಹಿಂದೆ ಮೂಲೆಮನೆಯವರು. ಎಲ್ಲರ ಕಣ್ಣಲ್ಲೂ ನೀರು. "ನಿನ್ನೆ ಡಾಕ್ಟ್ರು ಬಂದಾಗಲೇ ಅಂದ್ಕೊಂಡೆ ಕಣ್ರಿ" ಎಂದು ಒಬ್ಬರು. "ಎಂಥಾ ಮನುಷ್ಯ, ಹೋದ ವರ್ಷ ನಮ್ಮನೆ ಮದುವೆಗೆ ಕೇಳದೇನೇ ಕಾಯಿ ಕಳಿಸಿದ್ರು" ಎಂದು ಇನ್ನೊಬ್ಬರು. ತಿರುಗಬಾರದು, ಮಾತಾಡಬಾರದು ಎಂದು ನನಗೆ ಅಪ್ಪಣೆಯಾಗಿತ್ತು. ತಿರುಗದೆ, ಮಾತಾಡದೆ, ಏನು ಮಾಡಲೂ ತೋಚದೆ ನಾನು ಕೆಮ್ಮಿದೆ. ದುಃಖ ಉಮ್ಮಳಿಸಿ ಬಂತು ಎಂದುಕೊಂಡು ಅವರು ನನ್ನನ್ನು ಇನ್ನೂ ಗಟ್ಟಿಯಾಗಿ ತಬ್ಬಿಕೊಂಡರು.

ಬಾಗಿಲು ಮೆಲ್ಲಗೆ ತೆರೆಯಿತು. ತೆರೆದದ್ದು ನನ್ನ ಯಜಮಾನರಲ್ಲ. ಬೀದಿಯ ಗಲಾಟೆ ಕೇಳಿ, ಹಿರಿಯ ಮಗನನ್ನು ಪಕ್ಕಕ್ಕೆ ಸರಿಸಿ, ತಲೆಗೆ ಮಂಕಿ ಟೋಪಿ, ಮೈಗೆ ಬಿಳೀ ಹೊದಿಕೆ ಸುತ್ತಿಕೊಂಡು, ಕೈಯಲ್ಲಿ ಕಾಫಿ ಲೋಟ ಹಿಡಿದ ಮಾವನವರೇ ಹೊಸಿಲ ಮೇಲೆ ನಿಂತಿದ್ದರು.

ಎದುರುಮನೆಯಾಕೆ ಇಟ್ಟ ಚೀತ್ಕಾರ ಗೂಳೂರಿನ ತನಕ ಕೇಳಿಸಿರಬೇಕು. ಓಡಲು ಹಿಂದಕ್ಕೆ ತಿರುಗಿದ ಮೂಲೆಮನೆಯವರು ಪಕ್ಕದ ಮನೆಯವರ ಮೇಲೆ ಬಿದ್ದರು. ನನ್ನ ಕೈ ಎಲ್ಲಿ ಒತ್ತಿತೋ ಏನೋ, ಮಡಿಸಿ ಹಿಡಿದಿದ್ದ ಛತ್ರಿ ಪಟಾರನೆ ಬಿಚ್ಚಿಕೊಂಡಿತು. ಮಾವ ಬರಿದಾದ ನೆಲ ನೋಡಿದರು, ಅಳುವ ಮುಖಗಳನ್ನು ನೋಡಿದರು, ಬೀದಿಯಾಚೆಯ ಕಾರಿನ ಕಿಟಕಿಯಲ್ಲಿದ್ದ ಕ್ಯಾಮೆರಾ ನೋಡಿದರು. ಅವರಿಗೆ ಎಲ್ಲವೂ ಅರ್ಥವಾಯಿತು. ಈಗ ಬೀಳುತ್ತದೆ ಬೈಗುಳ ಎಂದು ನಾನು ಉಸಿರು ಹಿಡಿದೆ.

ಮಾವ ಕ್ಯಾಮೆರಾವನ್ನೇ ನೋಡಿಕೊಂಡು, ನೆಗಡಿಗೆ ಕೂತುಹೋದ ದನಿಯಲ್ಲಿ, ಒಂದೇ ಮಾತು ಕೇಳಿದರು. "ಕಾಫಿ ಕುಡ್ದೇನ್ಲಾ?"

ಅವರು ತಮ್ಮ ಲೋಟ ತೆಗೆದುಕೊಳ್ಳಲು ಹೋದಾಗ ಪಕ್ಕದಲ್ಲಿದ್ದ ಬೋರಲು ಲೋಟವನ್ನು ಅವರೂ ನೋಡಿದ್ದರು.

ಕ್ಯಾಮೆರಾ ಗರಗರ ಎಂದು ಓಡಿ, ರೀಲು ಮುಗಿದು ನಿಂತಿತು. ಮಾವ ಒಂದು ಗಳಿಗೆ ಕಾದು, ಒಳಗೆ ಹೋಗಿ ಮತ್ತೆ ಮಲಗಿಬಿಟ್ಟರು.

ನಾನು ಓಡಿಹೋಗಿ ಮೈದುನನಿಗೆ ಹೇಳಿದೆ. ಕ್ಯಾಮೆರಾದ ಗರಗರ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಿರಲಿಲ್ಲ. "ಮಾವ ನಿನ್ನನ್ನೇ ಕೇಳಿದ್ರು ಕಣೋ, ಕಾಫಿ ಕುಡಿದ್ಯಾ ಅಂತ. ನನ್ನ ಹತ್ರ ಅಲ್ಲ, ನಿನ್ನ ಹತ್ರ."

ಅವನು ಮುಖ ತಗ್ಗಿಸಿ ನಕ್ಕ. "ಬಿಡಿ ಅತ್ತಿಗೆ. ಅವರು ಏನಂದಿರ್ತಾರೆ ಅಂತ ನಂಗೊತ್ತು. ಇದಕ್ಕೂ ಸಕ್ಕರೆ ಹಾಕಬೇಡಿ."

ಅಷ್ಟು ದಿನ ನಾನು ಸುಳ್ಳು ಸುಳ್ಳೇ ಸಿಹಿ ಮಾಡಿ ಕೊಟ್ಟದ್ದನ್ನೆಲ್ಲ ನಕ್ಕು ತೆಗೆದುಕೊಂಡವನು, ಇದ್ದದ್ದನ್ನು ಇದ್ದ ಹಾಗೇ ತಂದು ಕೊಟ್ಟ ದಿನ ನಂಬಲಿಲ್ಲ.

ಹನ್ನೆರಡರ ಬಸ್ಸಿಗೆ ಗುಬ್ಬಿಯಿಂದ ನೆಂಟರು ಬಂದಿಳಿದರು. ಹಾಲಿನವನು ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ದು, ಅಲ್ಲಿಂದ ಕಂಡಕ್ಟರು ಒಯ್ದದ್ದು, ಗುಬ್ಬಿ ಮುಟ್ಟಿ, ಅಲ್ಲಿಂದ ಚೇಳೂರಿಗೂ ಹೋಗಿತ್ತು. ಬಂದವರ ಕೈಯಲ್ಲಿ ದಪ್ಪ ದಪ್ಪ ಹೂವಿನ ಹಾರ. ಜಗಲಿಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದ ಮಾವನೇ ಅವರನ್ನು "ಬನ್ನಿ ಬನ್ನಿ, ಊಟದ ಹೊತ್ತಿಗೇ ಬಂದ್ರಿ" ಎಂದು ಕರೆದರು. ಹಾರಗಳನ್ನು ಅತ್ತೆ ಇಸಿದುಕೊಂಡು ದೇವರ ಪಟಗಳಿಗೆ ಹಾಕಿದರು. ನಮ್ಮ ದೇವರುಗಳಿಗೆ ಅಂಥ ಅಲಂಕಾರ ಹಿಂದೆಂದೂ ಆಗಿರಲಿಲ್ಲ.

ಮೈದುನ ಪಾಸಾದ. ನೋಡಿದವರೆಲ್ಲ, ಆ ಹೆಂಗಸರ ಮುಖದ ಭಯ ಎಷ್ಟು ಸಹಜವಾಗಿದೆ, ಎಲ್ಲಿಂದ ಕರೆತಂದಿರಿ ಕಲಾವಿದರನ್ನು ಎಂದು ಕೇಳಿದರಂತೆ. ಕೊನೆಯಲ್ಲಿ ಆ ಮುದುಕ ಹೇಳುವುದೇನು, ಕೊಲೆ ಬೆದರಿಕೆಯೇ ಎಂದೂ ಕೇಳಿದರಂತೆ. ಮಂಕಿ ಟೋಪಿ, ಅದರ ಕೆಳಗೆ ದಟ್ಟ ಮೀಸೆ. ತುಟಿ ಆಡುವುದು ಕಾಣುತ್ತದೆ, ಮಾತು ತಿಳಿಯುವುದಿಲ್ಲ. "ಅದೇ ಸಸ್ಪೆನ್ಸು ಸಾರ್" ಎಂದು ಹೇಳಿ ಬಂದಿದ್ದ.

ಕೆಲವು ತಿಂಗಳ ಮೇಲೆ ಒಂದು ಭಾನುವಾರ ಮಧ್ಯಾಹ್ನ ಅವನು ರೀಲನ್ನೂ, ಯಾರದೋ ಪ್ರೊಜೆಕ್ಟರನ್ನೂ ಮನೆಗೆ ತಂದ. ನಡುಮನೆಯ ಕಿಟಕಿಗಳಿಗೆಲ್ಲ ಜಮಖಾನೆ ಹೊದಿಸಿ ಕತ್ತಲು ಮಾಡಿದೆವು. ಪರದೆಗೆ ಮಾವನವರ ಒಗೆದ ಪಂಚೆಯನ್ನೇ ಗೋಡೆಗೆ ಕಟ್ಟಿದೆವು.

"ನಾನು ನೋಡಲ್ಲ ಅಂತ ಅವನಿಗೆ ಹೇಳಮ್ಮ" ಅಂದರು ಮಾವ. ಅಂದವರು ತಮ್ಮ ಆರಾಮ ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ಪೇಪರ್ ಬಿಚ್ಚಿದರು. ಕತ್ತಲಲ್ಲಿ ಪೇಪರ್ ಓದುವ ಶಕ್ತಿ ಅವರಿಗೆ ಬಂದದ್ದು ಆ ದಿನವೇ.

ಬೀದಿ ಬಂತು. ನನ್ನ ಬೆನ್ನು ಬಂತು. ರಂಗೋಲಿಗಳು ಒಂದಾದ ಮೇಲೊಂದು ಬಂದವು, ಆಮೇಲೆ ನಮ್ಮ ಬರಿದಾದ ಹೊಸಿಲು. ಬಾಗಿಲು ತೆರೆಯಿತು. ಪಂಚೆಯ ತುಂಬ ಮಾವನವರ ಮುಖ. ಚಿತ್ರ ಒಂದು ಕಡೆ ಸ್ವಲ್ಪ ಅಲುಗುತ್ತದೆ. ಅಲ್ಲಿ ನಮ್ಮ ಪುಕ್ಕಲ ಹೆದರಿ ಕಣ್ಣು ಮುಚ್ಚಿಕೊಂಡಿದ್ದನಂತೆ, ಕೈ ಮಾತ್ರ ಬಿಟ್ಟಿರಲಿಲ್ಲ. ಮಾವ ನೇರವಾಗಿ ನಮ್ಮನ್ನೇ ನೋಡಿದರು. ಮೀಸೆ ಅಲುಗಿತು.

"ಕಾಫಿ ಕುಡ್ದೇನ್ಲಾ ಅಂತಾವ್ರೆ," ಎಂದರು ಅತ್ತೆ, ಕಡಲೆಕಾಯಿ ಸುಲಿಯುತ್ತಲೇ. ಆ ಬೆಳಿಗ್ಗೆ ಅವರು ಹಿತ್ತಲಲ್ಲಿ ತಮ್ಮ ದೊಡ್ಡ ರಂಗೋಲಿಯ ಮುಂದಿದ್ದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಇಷ್ಟು ವರ್ಷ ನೋಡಿದ ಮೀಸೆ, ಅವರಿಗೆ ಸದ್ದಿನ ಅಗತ್ಯವಿರಲಿಲ್ಲ.

ಅತ್ತೆ ಯಾವುದಕ್ಕೂ ಸಕ್ಕರೆ ಹಾಕುವವರಲ್ಲ. ಅದು ಅವನಿಗೂ ಗೊತ್ತು.

ರೀಲು ಮುಗಿದು ಅದರ ಬಾಲ ಪಟಪಟ ಹೊಡೆದುಕೊಳ್ಳುತ್ತಿತ್ತು. ಮೈದುನ ಅದನ್ನು ನಿಲ್ಲಿಸಲಿಲ್ಲ. ಬರೀ ಬೆಳಕಿದ್ದ ಪಂಚೆಯನ್ನು ನೋಡುತ್ತಾ ನಿಂತಿದ್ದ.

"ಇಲ್ಲಪ್ಪ," ಅಂದ. "ಇನ್ನೂ ಕುಡಿದಿಲ್ಲ."

ಪೇಪರು ಮಡಿಸಿದ ಸದ್ದಾಯಿತು. ನಾನು ಅಭ್ಯಾಸದಿಂದ ಮಾವನ ಕಡೆ ತಿರುಗಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ.

"ಹೋಗ್ ಕುಡಿ ಮತ್ತೆ," ಎಂದರು. "ನಂಗೂ ಒಂದ್ ಲೋಟ ತಗೊಂಡ್ ಬಾ."

ನಾನು ಎದ್ದೆ. "ನೀವು ಕೂತ್ಕೊಳಿ ಅತ್ತಿಗೆ" ಎಂದು ಅವನೇ ಹೊರಟ. ಕಿಟಕಿಗಳಿಗೆ ಇನ್ನೂ ಜಮಖಾನೆ. ಅಟ್ಟದ ಕೆಳಗಿನ ಕೋಣೆ ಎಂದಿಗಿಂತ ಕಪ್ಪಾಗಿತ್ತು. ಅವನು ಒಳಗೆ ಹೋದಾಗ ಮೇಲೆ ಕಾಯಿಗಳು ಗುಡುಗುಡು ಎಂದವು. ಅತ್ತೆಯ ಕೈಯಲ್ಲಿ ಕಡಲೆಕಾಯಿ ನಿಂತಿತು. ನಾವು ಮೂವರೂ ಕಿವಿಗೊಟ್ಟು ಕೂತೆವು. "ಅತ್ತಿಗೇ, ಅಲ್ಲೇ ಇದ್ದೀರಾ?" ಎಂಬ ಕೂಗು ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಎರಡು ಲೋಟ ಹಿಡಿದು ಬಂದ. ಅರ್ಧ ಕಾಫಿ ದಾರಿಯಲ್ಲೇ ಚೆಲ್ಲಿತ್ತು. ಒಂದನ್ನು ಅಪ್ಪನ ಕೈಗೆ ಕೊಟ್ಟು, ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತ.

ಮಾವ ಒಂದು ಗುಟುಕು ಕುಡಿದು ಲೋಟದೊಳಗೆ ನೋಡಿದರು. "ಸಕ್ಕರೆ ಜಾಸ್ತಿ ಆಯ್ತು ಕಣ್ಲಾ."

"ನಾಳೆ ಕಮ್ಮಿ ಹಾಕ್ತೀನಪ್ಪ."

ನಾನು ಇಬ್ಬರ ಎದುರಿಗೇ ಕೂತಿದ್ದೆ. ಯಾರೂ ನನಗೆ ಏನನ್ನೂ ಹೇಳಮ್ಮ ಅನ್ನಲಿಲ್ಲ.